ಶಾಲೆ ಫ್ರೀ ಹೌದು ತಂಗಿ, ಆದರೆ ಬರೆದು ಕೇಳಬೇಕು

ತಂಗಿ, ನಿನ್ನ ಪ್ರಶ್ನೆ ಓದಿದೆ. ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ಯಜಮಾನರಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ ಕೆಲಸ ಸಿಕ್ಕಿದೆ, ನೀನು ಐದು ವರ್ಷದ ಮಗನನ್ನು ಇಟ್ಟುಕೊಂಡು ಬಳ್ಳಾರಿಯಲ್ಲಿದ್ದೀಯ, ಮಗನಿಗೆ ಆಟಿಸಂ, ಮಾತು ಇನ್ನೂ ಸರಿಯಾಗಿ ಬಂದಿಲ್ಲ. ಅಮೆರಿಕದಲ್ಲಿ ಇಂಥ ಮಕ್ಕಳಿಗೆ ಎಲ್ಲಾ ಫ್ರೀ ಅಂತಾರಲ್ಲ ನಿಜಾನಾ, ಶಾಲೆಗೆ ಮೊದಲೇ ಹೇಳಬೇಕಾ ಮುಚ್ಚಿಡಬೇಕಾ, ಈಗಿಂದಲೇ ಮನೆಯಲ್ಲಿ ಇಂಗ್ಲಿಷ್ ಮಾತಾಡಬೇಕಾ ಅಂತ ಕೇಳಿದ್ದೀಯ. ನಾನೂ ಬಳ್ಳಾರಿಯವಳೇ, ಕೌಲ್ ಬಜಾರ್. ಟೆಕ್ಸಾಸ್‌ಗೆ ಬಂದು ಬಹಳ ವರ್ಷವಾಯಿತು. ಇಲ್ಲಿನ ಸರ್ಕಾರಿ ಶಾಲೆಯೊಂದರ ಸ್ಪೆಷಲ್ ಎಜುಕೇಷನ್ ಕ್ಲಾಸಿನಲ್ಲಿ ಪ್ಯಾರಾ ಆಗಿದ್ದೇನೆ, ಅಂದರೆ ಟೀಚರ್ ಜೊತೆಗಿದ್ದು ಮಕ್ಕಳನ್ನು ನೋಡಿಕೊಳ್ಳುವ, ಕಲಿಸುವ ಕೆಲಸ.

ಮೊದಲು ಮುಚ್ಚಿಡುವ ವಿಷಯ. ಬೇಡವೇ ಬೇಡ. ಅಲ್ಲಿ ಖಾಸಗಿ ಶಾಲೆಯವರು ಸೀಟ್ ಕೊಡಲ್ಲ ಅನ್ನುವ ಭಯಕ್ಕೆ ನಾವು ಬಾಯಿ ಮುಚ್ಚಿಕೊಂಡಿರುತ್ತೇವೆ, ಗೊತ್ತು. ಇಲ್ಲಿನ ಸರ್ಕಾರಿ ಶಾಲೆ ನಿನ್ನ ಮಗನನ್ನು ಬೇಡ ಅನ್ನುವ ಹಾಗೇ ಇಲ್ಲ. 1975ರಲ್ಲೇ ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ ಕಾನೂನು ಬಂತು, 1990ರಲ್ಲಿ ಅದಕ್ಕೆ ಐಡಿಇಎ ಅಂತ ಹೆಸರಾಯಿತು. ಮೂರು ವರ್ಷದಿಂದ ಇಪ್ಪತ್ತೊಂದರವರೆಗೆ, ಮಗುವಿಗೆ ಬೇಕಾದ ಶಿಕ್ಷಣ ಉಚಿತ. ಕಲಿಯಲು ಅಗತ್ಯ ಅಂತ ತೀರ್ಮಾನವಾದರೆ ಸ್ಪೀಚ್ ಥೆರಪಿ, ಓಟಿ (ದಿನನಿತ್ಯದ ಕೆಲಸ ತಾನೇ ಮಾಡಿಕೊಳ್ಳಲು ಕಲಿಸುವ ಥೆರಪಿ), ಬಸ್ಸು ಎಲ್ಲವೂ ಅದರಲ್ಲೇ ಬರುತ್ತದೆ. ವೀಸಾ ಯಾವುದು ಅನ್ನುವುದು ಅಡ್ಡ ಬರಲ್ಲ. ವಲಸೆ ಕಾಗದ ಇಲ್ಲ ಅಂತ ಮಗುವಿಗೆ ಶಾಲೆ ನಿರಾಕರಿಸುವಂತಿಲ್ಲ ಅಂತ 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಆ ಕೇಸು ಹೋಗಿದ್ದೂ ಈ ಟೆಕ್ಸಾಸ್‌ನಿಂದಲೇ. ಶಾಲೆಗೆ ಬೇಕಿರುವುದು ವಿಳಾಸ. ಅದಕ್ಕೇ ಬಾಡಿಗೆ ಮನೆಗೆ ಸಹಿ ಹಾಕುವ ಮೊದಲು ಆ ಮನೆ ಯಾವ ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಯಾವ ಆಡಳಿತಕ್ಕೆ ಬರುತ್ತದೆ ನೋಡಿ. ಆಫೀಸಿಗೆ ಹತ್ತಿರ ಅಂತ ಹಿಡಿದು ಆಮೇಲೆ ಒದ್ದಾಡಬೇಡಿ.

ಆದರೆ ಫ್ರೀ ಅಂದಮಾತ್ರಕ್ಕೆ ತಾನಾಗಿ ಮನೆ ಬಾಗಿಲಿಗೆ ಬರಲ್ಲ. ಇದೇ ಟೆಕ್ಸಾಸ್ 2004ರಿಂದ ಒಂದು ಲೆಕ್ಕ ಇಟ್ಟುಕೊಂಡಿತ್ತು, ಒಟ್ಟು ಮಕ್ಕಳಲ್ಲಿ ಶೇಕಡಾ 8.5ಕ್ಕಿಂತ ಜಾಸ್ತಿ ಮಕ್ಕಳು ಸ್ಪೆಷಲ್ ಎಜುಕೇಷನ್‌ನಲ್ಲಿ ಇರಬಾರದು ಅಂತ. ಡಿಸ್ಟ್ರಿಕ್ಟ್‌ಗಳು ಸುಮ್ನೆ ಮಕ್ಕಳನ್ನು ವಾಪಸ್ ಕಳಿಸುತ್ತಿದ್ದವು. 2016ರಲ್ಲಿ ಹ್ಯೂಸ್ಟನ್‌ನ ಪತ್ರಿಕೆಯೊಂದು ಬಯಲು ಮಾಡಿತು, 2018ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಇದು ಕಾನೂನು ಉಲ್ಲಂಘನೆ ಅಂತ ಹೇಳಿತು. ಈಗ ಆ ಮಿತಿ ಇಲ್ಲ. ಆದರೂ "ಸ್ವಲ್ಪ ದಿನ ನೋಡೋಣ, ಹೊಸ ದೇಶ, ಹೊಂದಿಕೊಳ್ಳಲಿ" ಅಂತ ನಗುನಗುತ್ತಾ ಹೇಳುವವರು ಸಿಗುತ್ತಾರೆ. ಹೂಂ ಅನ್ನಬೇಡ.

ಶಾಲೆಗೆ ಸೇರಿಸಿದ ದಿನವೇ ಒಂದು ಪತ್ರ ಕೊಡು. ಮಗನಿಗೆ ಸ್ಪೆಷಲ್ ಎಜುಕೇಷನ್‌ಗಾಗಿ ಫುಲ್ ಇಂಡಿವಿಜುವಲ್ ಇವ್ಯಾಲ್ಯುಯೇಷನ್ (ಪೂರ್ತಿ ಪರೀಕ್ಷೆ) ಮಾಡಿ ಅಂತ ಎರಡು ಸಾಲು, ಕೆಳಗೆ ತಾರೀಖು. ಪ್ರಿನ್ಸಿಪಾಲರಿಗೆ ಒಂದು, ಡಿಸ್ಟ್ರಿಕ್ಟಿನ ಸ್ಪೆಷಲ್ ಎಜುಕೇಷನ್ ಡೈರೆಕ್ಟರಿಗೆ ಒಂದು, ಇಮೇಲ್ ಆದರೂ ಸಾಕು. ಬಾಯಲ್ಲಿ ಹೇಳಿದ್ದಕ್ಕೆ ಗಡುವು ಇಲ್ಲ, ಬರೆದು ಕೊಟ್ಟರೆ ಶಾಲೆ ನಡೆಯುವ 15 ದಿನದೊಳಗೆ ಉತ್ತರ ಕೊಡಲೇಬೇಕು. ನೀನು ಒಪ್ಪಿಗೆ ಸಹಿ ಹಾಕಿದ ಮೇಲೆ ಶಾಲೆ ನಡೆಯುವ 45 ದಿನದಲ್ಲಿ ವರದಿ, ಅದಾಗಿ 30 ದಿನದೊಳಗೆ ಮೀಟಿಂಗ್. ಆಗಸ್ಟ್‌ನಲ್ಲಿ ಸೇರಿಸಿದರೂ ಎಲ್ಲ ಮುಗಿಯುವಾಗ ಡಿಸೆಂಬರ್ ಆಗಬಹುದು. ಅಲ್ಲಿಯವರೆಗೆ ಸಾಮಾನ್ಯವಾಗಿ ಮಾಮೂಲಿ ಕ್ಲಾಸಿನಲ್ಲೇ ಕೂರಿಸುತ್ತಾರೆ. ಈಗ ನೀನು ದುಡ್ಡು ಕೊಟ್ಟು ಅವನ ಪಕ್ಕದಲ್ಲೇ ಕೂರುವ ಶ್ಯಾಡೋ ಟೀಚರ್ ಇಟ್ಟಿದ್ದೀಯಲ್ಲ, ಹಾಗೆ ನಿನ್ನವರನ್ನು ಕ್ಲಾಸಿನೊಳಗೆ ಕೂರಿಸಲು ಇಲ್ಲಿ ಬಿಡುವುದಿಲ್ಲ ಅಂತಲೇ ಇಟ್ಟುಕೋ. ಪ್ಯಾರಾ ಕೊಡುವುದು ಶಾಲೆಯೇ, ಅದೂ ನಾಲ್ಕೈದು ಮಕ್ಕಳಿಗೆ ಸೇರಿ ಒಬ್ಬರು ಅನ್ನೋದೇ ಹೆಚ್ಚು.

ಆ ಮೀಟಿಂಗಿಗೆ ಬೇರೆ ಕಡೆ ಐಇಪಿ ಮೀಟಿಂಗ್, ಅಂದರೆ ಆ ಒಂದು ಮಗುವಿಗೇ ಅಂತ ಕಲಿಕೆಯ ಯೋಜನೆ ಬರೆಯುವ ಮೀಟಿಂಗ್ ಅಂತಾರೆ, ಟೆಕ್ಸಾಸ್‌ನವರು ಆರ್ಡ್ ಅಂತಾರೆ. ಮೇಜಿನ ಆ ಕಡೆ ಪ್ರಿನ್ಸಿಪಾಲ್, ಟೀಚರ್, ಸ್ಪೀಚ್‌ನವರು, ಪರೀಕ್ಷೆ ಮಾಡಿದವರು. ಈ ಕಡೆ ಗಂಡ ಹೆಂಡತಿ ಇಬ್ಬರೇ. ನಮ್ಮ ಕಡೆಯವರು ಬಂದರೆ ನನಗೆ ಗೊತ್ತಾಗಿಬಿಡುತ್ತದೆ, ಮೇಷ್ಟ್ರು ಹೇಳಿದ ಮೇಲೆ ಇನ್ನೇನು ಅಂತ ಎಲ್ಲದಕ್ಕೂ ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ, ಅಲ್ಲೇ ಸಹಿ ಹಾಕಿ ಎದ್ದು ಹೋಗುತ್ತಾರೆ. ನಾನು ಆ ಕಡೆಯ ಸಂಬಳದವಳು, ಬಾಯಿ ಬಿಡುವ ಹಾಗಿಲ್ಲ. ಅದಕ್ಕೆ ಈಗಲೇ ಹೇಳುತ್ತಿದ್ದೇನೆ. ಆ ಗುಂಪಿನಲ್ಲಿ ನೀನೂ ಒಬ್ಬ ಸದಸ್ಯೆ, ಅತಿಥಿ ಅಲ್ಲ. ಕರಡು ಮೊದಲೇ ಕಳಿಸಿ ಅಂತ ಕೇಳು. ಗುರಿ ಅಂತ ಬರೆದಿರುತ್ತಾರೆ, ಅದನ್ನು ಓದು. "ಮಾತು ಸುಧಾರಿಸುತ್ತದೆ" ಅನ್ನುವುದು ಗುರಿಯಲ್ಲ. "ಬೇಕಾದ್ದನ್ನು ಕಾರ್ಡ್ ತೋರಿಸಿ ಅಥವಾ ಟ್ಯಾಬ್ಲೆಟ್ ಒತ್ತಿ 5ರಲ್ಲಿ 4 ಸಲ ತಾನೇ ಕೇಳುತ್ತಾನೆ" ಅಂತಿದ್ದರೆ ಅದು ಗುರಿ, ಮುಂದಿನ ವರ್ಷ ಅಳೆಯಬಹುದು. ಸ್ಪೀಚ್ ವಾರಕ್ಕೆ ಎಷ್ಟು ನಿಮಿಷ, ಒಬ್ಬನಿಗೇನಾ ಗುಂಪಿನಲ್ಲಾ, ಬರೆಸು. ಆಟಿಸಂ ಇರುವ ಮಗುವಿಗೆ ಟೆಕ್ಸಾಸ್‌ನಲ್ಲಿ ಬೇರೆಯಾಗಿ 11 ಅಂಶ ಪರಿಶೀಲಿಸಲೇಬೇಕು, ಮನೆಗೆ ಬಂದು ಕಲಿಸುವುದು, ಅಪ್ಪ ಅಮ್ಮನಿಗೆ ತರಬೇತಿ ಕೊಡುವುದು ಅದರಲ್ಲೇ ಇವೆ, ಹೆಚ್ಚಿನವರು ಕೇಳುವುದೇ ಇಲ್ಲ. ಒಪ್ಪಿಗೆಯಾಗಲಿಲ್ಲವಾ, ಸಹಿ ಹಾಕಬೇಡ, ಒಪ್ಪಲ್ಲ ಅಂತ ಹೇಳಿದರೆ ಶಾಲೆ ನಡೆಯುವ 10 ದಿನದೊಳಗೆ ಮತ್ತೆ ಸೇರಲು ಅವಕಾಶ ಕೊಡಬೇಕು. ಯಾರೂ ಸಿಟ್ಟಾಗಲ್ಲ. ಆದರೂ ಆಗಲಿ ಬಿಡು.

ಇಂಗ್ಲಿಷ್ ವಿಷಯ. ಕನ್ನಡ ಬಿಡಬೇಡ. ಎರಡು ಭಾಷೆಯಿಂದ ಮಗುವಿಗೆ ಗೊಂದಲ ಆಗುತ್ತದೆ ಅಂತ ಹೇಳುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಎರಡು ಭಾಷೆಯ ಮನೆಯಲ್ಲಿ ಬೆಳೆಯುವ ಆಟಿಸಂ ಮಕ್ಕಳನ್ನು ಹೋಲಿಸಿ ನೋಡಿದ ಸಂಶೋಧನೆಗಳಲ್ಲಿ ಅದರಿಂದ ಮಾತು ಇನ್ನಷ್ಟು ತಡವಾಗಿದ್ದು ಕಂಡಿಲ್ಲ. ಇಂಗ್ಲಿಷ್ ಬರದಿರುವುದನ್ನೇ ಕಾರಣ ಮಾಡಿ ಅಂಗವೈಕಲ್ಯ ಅನ್ನುವ ಹಾಗೂ ಇಲ್ಲ, ಪರೀಕ್ಷೆಯನ್ನೂ ಸಾಧ್ಯವಾದಷ್ಟು ಮಗುವಿನ ಭಾಷೆಯಲ್ಲೇ ಮಾಡಬೇಕು. ನಿನಗೆ ಬೇಕಾದರೆ ಮೀಟಿಂಗಿಗೆ ಕನ್ನಡ ದುಭಾಷಿಯನ್ನೂ ಕೇಳಬಹುದು, ಬಹಳ ಸಲ ಫೋನಿನಲ್ಲಿ ಬರುತ್ತಾರೆ. ನಮ್ಮ ಅರ್ಧ ತೆಲುಗು ಬೆರೆತ ಬಳ್ಳಾರಿ ಕನ್ನಡ ಕೇಳಿ ಆ ಕಡೆಯವರು ತಡವರಿಸಿದರೆ ನಿಧಾನವಾಗಿ ಹೇಳು, ಅಷ್ಟೇ. ಮೊದಲ ದಿನವೇ ಟೀಚರಿಗೆ ಒಂದು ಚೀಟಿ ಕೊಡು: ನೀರು, ಬೇಡ, ಸಾಕು, ಉಚ್ಚಿ, ನೋವು, ಹೀಗೆ ಅವನು ಹೇಳುವ, ಅವನಿಗೆ ಅರ್ಥವಾಗುವ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರ್ಥ. ಮಗು ಉಚ್ಚಿ ಉಚ್ಚಿ ಅಂದರೆ ಇಲ್ಲಿ ಯಾರಿಗೆ ತಿಳಿಯಬೇಕು?

ಇನ್ನು ಕಷ್ಟದ ಮಾತು. ಶಾಲೆ ಏಳು ಗಂಟೆಯದು. ಮಿಕ್ಕ ಹೊತ್ತು ಅಪಾರ್ಟ್‌ಮೆಂಟಿನಲ್ಲಿ ನೀನು, ಅವನು. ಅಲ್ಲಿ ಬಾಗಿಲು ತೆರೆದು ಓಡಿದರೆ ಓಣಿಯವರು ಯಾರಾದರೂ ಹಿಡಿದು ತಂದು ಬಿಡುತ್ತಾರೆ, ಇಲ್ಲಿ ಹೊರಗೆ ಕಾರು, ಮತ್ತೆ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಈಜುಕೊಳ. ಮನೆ ನೋಡುವಾಗ ಕೊಳ ಎಷ್ಟು ದೂರ, ಬೇಲಿ ಇದೆಯಾ, ಬಾಗಿಲಿಗೆ ಮೇಲಿನ ಚಿಲಕ ಹಾಕಿಸಬಹುದಾ, ಕೇಳಿ. ಶಾಲೆಯ ಹೊರಗಿನ ಥೆರಪಿ ಫ್ರೀ ಅಲ್ಲ, ಇನ್ಶೂರೆನ್ಸ್ ಮೇಲೆ ನಿಂತಿದೆ. ಎಬಿಎ (ಆಟಿಸಂ ಮಕ್ಕಳಿಗೆ ಕೊಡುವ ನಡವಳಿಕೆಯ ಥೆರಪಿ), ಸ್ಪೀಚ್, ಓಟಿ ಕವರ್ ಇದೆಯಾ, ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್‌ನವರು ಕೊಡುವ ಮೊದಲು ನಾವೇ ಕಟ್ಟಬೇಕಾದ ಹಣ, ಎಷ್ಟು ಅಂತ ಯಜಮಾನರು ಕಂಪನಿಯ ಎಚ್‌ಆರ್ ಹತ್ತಿರ ಈಗಲೇ ಬರವಣಿಗೆಯಲ್ಲಿ ಪಡೆಯಲಿ. ದೊಡ್ಡ ಕಂಪನಿಗಳಲ್ಲಿ ಇರುತ್ತದೆ ಅಂದುಕೊಂಡು ಬರಬೇಡಿ.

ಐದು ವರ್ಷದ ಮಗುವಿನ ತಾಯಿಗೆ ಇದನ್ನು ಹೇಳಬಾರದೇನೋ, ಆದರೂ ಹೇಳುತ್ತೇನೆ. ಇಪ್ಪತ್ತೊಂದರ ಹತ್ತಿರ ಶಾಲೆಯೂ ಮುಗಿಯುತ್ತದೆ, ಗ್ರೀನ್ ಕಾರ್ಡ್ ಬಂದಿರದಿದ್ದರೆ ಅದೇ ಇಪ್ಪತ್ತೊಂದಕ್ಕೆ ಅಪ್ಪನ ವೀಸಾದ ನೆರಳಿನ ಎಚ್-4 ಕೂಡ ಮುಗಿಯುತ್ತದೆ. ದೊಡ್ಡವರಾದ ಮೇಲಿನ ಸರ್ಕಾರಿ ನೆರವಿಗೆ ಟೆಕ್ಸಾಸ್‌ನಲ್ಲಿ ವರ್ಷಗಟ್ಟಲೆ ಉದ್ದದ ಕಾಯುವ ಪಟ್ಟಿ ಇದೆ. ಹಾಗಾಗಿ ಊರಿನ ದಾರಿ ಮುಚ್ಚಬೇಡ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಲ್ಲ ಅಂದಿದ್ದೀಯ, ಹೊರಡುವ ಮೊದಲು ಅದನ್ನು ಮುಗಿಸು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಒಂದು ಪೂರ್ತಿ ವರದಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಇಲ್ಲಿನವರು ತಮ್ಮ ಪರೀಕ್ಷೆ ತಾವು ಮಾಡೇ ಮಾಡುತ್ತಾರೆ, ಆದರೆ ಕೈಯಲ್ಲಿ ವರದಿ ಇದ್ದರೆ "ಸ್ವಲ್ಪ ದಿನ ನೋಡೋಣ" ಅನ್ನುವುದು ಕಷ್ಟ. ಲಸಿಕೆ ಕಾರ್ಡ್, ಕಿವಿ ಪರೀಕ್ಷೆಯ ಕಾಗದ, ಈಗಿನ ಶ್ಯಾಡೋ ಟೀಚರ್ ಕೈಯಲ್ಲಿ ಅವನಿಗೆ ಏನು ಬರುತ್ತದೆ, ಯಾವಾಗ ಅಳುತ್ತಾನೆ ಅಂತ ಬರೆಸಿದ ಒಂದು ಪುಟ, ಇವನ್ನು ಸೂಟ್‌ಕೇಸಿಗೆ ಹಾಕಬೇಡ, ಕೈಚೀಲದಲ್ಲಿರಲಿ.

ಅತ್ತೆಯವರು ಬರುತ್ತೇನೆ ಅಂದರೆ ಬೇಡ ಅನ್ನಬೇಡ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ, ಆಗಸ್ಟಿಗೆ ಬಂದರೆ ಆ ಡಿಸೆಂಬರ್‌ವರೆಗಿನ ಕಾಯುವಿಕೆ ನಿನಗೆ ಅಷ್ಟು ಭಾರ ಆಗಲ್ಲ. ಯಾವ ಕಡೆ ಮನೆ ನೋಡುತ್ತಿದ್ದೀರಿ ಹೇಳು, ಶಾಲೆಗೆ ಕೊಡುವ ಪತ್ರ ನಾನೇ ಬರೆದು ಕಳಿಸುತ್ತೇನೆ, ಹೆಸರು ತಾರೀಖು ನೀನು ಹಾಕಿಕೋ.