ಮತದಾರರಿಗಿಂತ ಮೊದಲು ಟಿಕೆಟ್ ಹಂಚುವವರನ್ನು ನೋಡಿ

“ಶಾಸನಸಭೆಗಳಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚಬೇಕಾದರೆ ಮೊದಲು ಜನರ ಮನಸ್ಸು ಬದಲಾಗಬೇಕಲ್ಲವೇ?” ಎಂದು ಕೇಳಿದ್ದೀರಿ. ನಾನು ಒಪ್ಪುವುದಿಲ್ಲ. ಮತಪತ್ರದಲ್ಲಿ ಹೆಸರೇ ಇಲ್ಲದವರನ್ನು ಮತದಾರ ತಿರಸ್ಕರಿಸುವುದಾದರೂ ಹೇಗೆ? ಹೆಸರು ಬಿದ್ದುಹೋಗುವುದು ಅದಕ್ಕೂ ಮೊದಲು, ಪಕ್ಷಗಳು ಟಿಕೆಟ್ ಹಂಚುವಾಗ. ಗೆಲ್ಲುವ ಕುದುರೆ ಬೇಕು ಎನ್ನುವ ನಾಯಕರು ಹಾಲಿ ಸದಸ್ಯರಿಗೇ ಮತ್ತೆ ಮಣೆ ಹಾಕುತ್ತಾರೆ. ಹಾಲಿ ಸದಸ್ಯರಲ್ಲಿ ಬಹುಪಾಲು ಗಂಡಸರೇ. ಮಹಿಳೆಗೆ ಸಿಗುವುದು ಠೇವಣಿ ಉಳಿದರೆ ಸಾಕೆನ್ನುವಂಥ ಕ್ಷೇತ್ರ. ಸೋತ ಮೇಲೆ “ನೋಡಿ, ಹೆಂಗಸರಿಗೆ ಜನ ಮತ ಹಾಕುವುದಿಲ್ಲ” ಎಂಬ ಷರಾ ಬೇರೆ!

ಆದ್ದರಿಂದ ಕಾನೂನಿನ ಕೋಟಾ ಬೇಕು ಎನ್ನುವ ನಿಲುವು ನನ್ನದು. ಆದರೆ ಹೇಗೆ ಬರೆದ ಕೋಟಾ ಎಂಬುದು ಮುಖ್ಯ. ಅರ್ಜೆಂಟೀನಾದಲ್ಲಿ ಜನ ಪಕ್ಷದ ಪಟ್ಟಿಗೆ ಮತ ಹಾಕುತ್ತಾರೆ. ಪಕ್ಷಕ್ಕೆ ಐದು ಸ್ಥಾನ ಬಂದರೆ ಪಟ್ಟಿಯ ಮೊದಲ ಐವರು ಒಳಗೆ. ಎಂಟು, ಒಂಬತ್ತು, ಹತ್ತನೆಯ ಸಾಲಿನಲ್ಲಿ ಮಹಿಳೆಯರನ್ನು ತುಂಬಿಸಿದರೆ ಲೆಕ್ಕ ಸರಿಹೋಗುತ್ತದೆ, ಸದನ ಮಾತ್ರ ಹಾಗೆಯೇ ಇರುತ್ತದೆ. ಅದನ್ನು ಊಹಿಸಿಯೇ 1991ರ ಕಾನೂನು ಶೇ 30ರಷ್ಟು ಮಹಿಳಾ ಅಭ್ಯರ್ಥಿಗಳು ಇರಬೇಕು, ಅದೂ ಗೆಲ್ಲುವ ಸಾಧ್ಯತೆಯಿರುವ ಸಾಲುಗಳಲ್ಲೇ ಇರಬೇಕು ಎಂದಿತು.

ಫ್ರಾನ್ಸ್‌ನ ಕತೆ ಇನ್ನೂ ಸ್ವಾರಸ್ಯಕರ. 2000ದ ಸಮಾನತಾ ಕಾನೂನಿನ ಪ್ರಕಾರ ಸಂಸತ್ ಚುನಾವಣೆಯಲ್ಲಿ ಸಮಪಾಲು ಕೊಡದ ಪಕ್ಷಕ್ಕೆ ಸರ್ಕಾರದ ಅನುದಾನದಲ್ಲಿ ಕಡಿತ. ದೊಡ್ಡ ಪಕ್ಷಗಳು ದುಡ್ಡು ಹೋದರೆ ಹೋಗಲಿ ಎಂದವು. 577 ಸ್ಥಾನಗಳ ಸದನದಲ್ಲಿ 1997ರಲ್ಲಿ 63 ಇದ್ದ ಮಹಿಳೆಯರು 2002ರಲ್ಲಿ 71 ಆದರು, ಅಷ್ಟೇ. ಅದೇ ಕಾನೂನು ದೊಡ್ಡ ಊರುಗಳ ಸ್ಥಳೀಯ ಚುನಾವಣೆಗೆ ಬೇರೆ ನಿಯಮ ಮಾಡಿತ್ತು: ಸಮಪಾಲಿಲ್ಲದ ಪಟ್ಟಿ ಸ್ವೀಕಾರವೇ ಇಲ್ಲ. 2001ರಲ್ಲಿ ಅಲ್ಲಿ ಮಹಿಳೆಯರ ಪಾಲು ಅರ್ಧದ ಹತ್ತಿರ ಬಂತು. ಮತದಾರರು ಅವರೇ, ದೇಶ ಅದೇ. ದಂಡ ಕಟ್ಟಿ ತಪ್ಪಿಸಿಕೊಳ್ಳುವ ದಾರಿ ಮಾತ್ರ ಇರಲಿಲ್ಲ.

ಗೆದ್ದ ಮೇಲೂ ಕಳ್ಳದಾರಿಗಳಿವೆ. ಮೆಕ್ಸಿಕೊದಲ್ಲಿ ಪ್ರತಿ ಅಭ್ಯರ್ಥಿಗೂ ಒಬ್ಬ ಬದಲಿ ಅಭ್ಯರ್ಥಿ ಇರುತ್ತಾನೆ. 2009ರಲ್ಲಿ ಗೆದ್ದ ಹಲವು ಮಹಿಳೆಯರು ಸದನ ಸೇರುತ್ತಲೇ ಜಾಗ ಬಿಟ್ಟರು, ಅವರ ಕುರ್ಚಿಯಲ್ಲಿ ಗಂಡಸರು ಕುಳಿತರು. 2011ರಲ್ಲಿ ಚುನಾವಣಾ ನ್ಯಾಯಮಂಡಳಿ, ಕೋಟಾದ ಅಭ್ಯರ್ಥಿ ಮಹಿಳೆಯಾದರೆ ಬದಲಿಯೂ ಮಹಿಳೆಯೇ ಆಗಬೇಕೆಂದು ಆದೇಶಿಸಿತು. 2014ರಲ್ಲಿ ಸಮಪಾಲು ಸಂವಿಧಾನಕ್ಕೇ ಸೇರಿತು. 2021ರ ಹೊತ್ತಿಗೆ ಕೆಳಮನೆಯ 500 ಸ್ಥಾನಗಳಲ್ಲಿ ಅರ್ಧ ಮಹಿಳೆಯರದ್ದು.

“ಅರ್ಹತೆ ಎಲ್ಲಿ ಹೋಯಿತು?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಪ್ಪನ ಕ್ಷೇತ್ರ ಮಗನಿಗೆ ಬಂದಾಗ ಯಾರೂ ಅದನ್ನು ಕೇಳಿದ್ದು ನನಗೆ ನೆನಪಿಲ್ಲ.

ಕಾನೂನು ಬರುವವರೆಗೂ ಆಗಬಹುದಾದ ಕೆಲಸಗಳಿವೆ. ದುಡ್ಡು ಮತ್ತು ಬಿಡುವು, ಇವೆರಡೂ ಇಲ್ಲದೆ ಹಿಂದೆ ಸರಿಯುವವರು ಬಹಳ. 2018ರಲ್ಲಿ ಅಮೆರಿಕದ ಚುನಾವಣಾ ಆಯೋಗವು ಅಭ್ಯರ್ಥಿಯೊಬ್ಬರಿಗೆ, ಪ್ರಚಾರದ ಕಾರಣದಿಂದಲೇ ಬರುವ ಮಕ್ಕಳ ಆರೈಕೆಯ ಖರ್ಚನ್ನು ಪ್ರಚಾರ ನಿಧಿಯಿಂದ ಕೊಡಬಹುದೆಂದು ಒಪ್ಪಿತು. ಇಂಥದ್ದಕ್ಕೆ ಸಂವಿಧಾನ ತಿದ್ದುಪಡಿಯೇನೂ ಬೇಕಿಲ್ಲ.