ಸ್ಟೋರಿಬೋರ್ಡ್ ಬೇಕೇ, ನೇರವಾಗಿ ಸ್ಲೈಡ್ ಮಾಡಿದರೆ ಸಾಲದೇ?

ಆನ್‌ಲೈನ್ ತರಬೇತಿ ತಯಾರಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಿ; ಸ್ಟೋರಿಬೋರ್ಡ್, ಅಂದರೆ ಪ್ರತಿ ಪರದೆಯಲ್ಲಿ ಏನು ಬರಬೇಕೆಂದು ಮೊದಲೇ ಬರೆದಿಡುವ ಕರಡು, ಅದನ್ನು ಬಿಟ್ಟು ನೇರವಾಗಿ ಸ್ಲೈಡ್ ಮಾಡಿದರೆ ಸಮಯ ಉಳಿಯುತ್ತದಲ್ಲವೇ ಎಂದು ಕೇಳಿದ್ದೀರಿ. ಉಳಿಯುವುದಿಲ್ಲ. ನಾನು ಹಾಗೆ ಮಾಡಿ ನೋಡಿದ್ದೇನೆ.

ಬೆಂಗಳೂರಿನಲ್ಲಿ ಈ ಕೆಲಸ ಹಿಡಿದ ಹೊಸದರಲ್ಲಿ ಪೀಣ್ಯದ ಒಂದು ಕಾರ್ಖಾನೆಗೆ ಸುರಕ್ಷತೆಯ ಪಾಠ ಸಿದ್ಧಪಡಿಸಿದೆವು. ಯಂತ್ರ ಸ್ವಚ್ಛಗೊಳಿಸುವ ಮುನ್ನ ವಿದ್ಯುತ್ ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಎಚ್ಚರಿಕೆಯ ಚೀಟಿ ಕಟ್ಟುವ ಕ್ರಮ. ಅನಿಮೇಷನ್, ಧ್ವನಿಮುದ್ರಣ ಎಲ್ಲವೂ ಮುಗಿದ ಮೇಲೆ ತೋರಿಸಿದಾಗ ಹಿರಿಯ ಆಪರೇಟರ್ ಒಬ್ಬರು, ‘ಬೀಗ ಹಾಕಿದ ಮೇಲೆ ಸ್ಟಾರ್ಟ್ ಗುಂಡಿ ಒತ್ತಿ ನೋಡುವುದು ಎಲ್ಲಿ?’ ಎಂದರು. ವಿದ್ಯುತ್ ನಿಜಕ್ಕೂ ನಿಂತಿದೆಯೇ ಎಂದು ಪರೀಕ್ಷಿಸುವ ಹೆಜ್ಜೆಯೇ ಬಿಟ್ಟುಹೋಗಿತ್ತು. ಒಬ್ಬರ ಕೈಯನ್ನೇ ಕಳೆಯಬಲ್ಲ ತಪ್ಪು ಅದು. ಧ್ವನಿ, ಚಿತ್ರ, ಕೊನೆಯ ಪ್ರಶ್ನೆಗಳು, ಎಲ್ಲವನ್ನೂ ಮತ್ತೆ ಮಾಡಿದೆವು. ಕಾಗದದ ಮೇಲಿದ್ದಿದ್ದರೆ ಒಂದು ಸಾಲು ಸೇರಿಸಿದರೆ ಮುಗಿಯುತ್ತಿತ್ತು. 1930ರ ದಶಕದಲ್ಲಿ ಡಿಸ್ನಿ ಸ್ಟುಡಿಯೊದವರು ರೇಖಾಚಿತ್ರಗಳನ್ನು ಗೋಡೆಗೆ ಸಾಲಾಗಿ ಚುಚ್ಚಿಟ್ಟು ಕಥೆ ತಿದ್ದುತ್ತಿದ್ದರಲ್ಲ, ಅದರ ಲಾಭವೂ ಇದೇ.

ಸ್ಟೋರಿಬೋರ್ಡಿಗೆ ವಿಶೇಷ ತಂತ್ರಾಂಶ ಬೇಕಿಲ್ಲ. ವರ್ಡ್‌ನಲ್ಲಿ ಒಂದು ಕೋಷ್ಟಕ ಸಾಕು: ಪರದೆಯ ಸಂಖ್ಯೆ, ಕಾಣುವ ಪಠ್ಯ, ಚಿತ್ರ, ನಿರೂಪಣೆ, ಮತ್ತು ಕಲಿಯುವವರು ಅಲ್ಲಿ ಏನು ಮಾಡುತ್ತಾರೆ ಎಂಬುದು. ಈ ಕೊನೆಯ ಅಂಕಣವನ್ನೇ ನಾನು ಮೊದಲು ನೋಡುತ್ತೇನೆ. ಸತತ ಐದಾರು ಪರದೆಗಳಲ್ಲಿ ಅದು ಖಾಲಿಯಿದ್ದರೆ ನೀವು ಭಾಷಣ ಬರೆಯುತ್ತಿದ್ದೀರಿ ಎಂದೇ ಅರ್ಥ. ಆದ್ದರಿಂದ ಕೊನೆಯ ಪ್ರಶ್ನೆಗಳನ್ನು ಮೊದಲು ಬರೆಯಿರಿ. ಅವಕ್ಕೆ ಉತ್ತರಿಸಲು ಬೇಕಾದ ಪರದೆಗಳಷ್ಟೇ ಉಳಿಯಲಿ. ತಪ್ಪು ಉತ್ತರಕ್ಕೆ ‘ಮತ್ತೆ ಪ್ರಯತ್ನಿಸಿ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಹಾಗೆ ಮಾಡಿದ್ದರೆ ಯಂತ್ರದ ಮುಂದೆ ಏನಾಗುತ್ತಿತ್ತು ಎಂದು ಹೇಳಿ.

ನಿರೂಪಣೆಯ ವಾಕ್ಯಗಳನ್ನೇ ಪರದೆಯ ಮೇಲೂ ಇಡಬೇಡಿ, ಓದುವುದೂ ಕೇಳುವುದೂ ಒಂದಕ್ಕೊಂದು ಅಡ್ಡ ಬರುತ್ತವೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಪಾಠವಾದರೆ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಇಂಗ್ಲಿಷಿನ ಅಳತೆಗೆ ಮಾಡಿದ ಅನಿಮೇಷನ್ ನಮ್ಮ ವಾಕ್ಯ ಮುಗಿಯುವ ಮೊದಲೇ ಮುಗಿದಿರುತ್ತದೆ.

ವಿಷಯತಜ್ಞರ ಒಪ್ಪಿಗೆಯ ಜೊತೆಗೆ, ಆ ಕೆಲಸವನ್ನು ದಿನವೂ ಮಾಡುವ ಒಬ್ಬರಿಗೆ ಕೋಷ್ಟಕವನ್ನು ಓದಿ ಹೇಳಿ. ಚಿತ್ರ ಬರೆಯಲು ಬರುವುದಿಲ್ಲವೆಂದು ಹಿಂಜರಿಯಬೇಡಿ. ಚೌಕದೊಳಗೆ ‘ಬೀಗ ಹತ್ತಿರದಿಂದ, ಕೈ ಕಾಣಬೇಕು’ ಎಂದು ಬರೆದರೂ ಚಿತ್ರಕಾರರಿಗೆ ಸಾಕು.