‘ಮ್ಯಾಗ್ನೋಲಿಯಾ’ ಚಿತ್ರದ ಕೊನೆಯಲ್ಲಿ ಆಕಾಶದಿಂದ ಕಪ್ಪೆಗಳು ಸುರಿಯುವುದೇಕೆ?

ಪಾಲ್ ಥಾಮಸ್ ಆಂಡರ್ಸನ್ ನಿರ್ದೇಶನದ ಈ 1999ರ ಚಿತ್ರ ನೋಡಿದವರೆಲ್ಲ ಕೇಳುವ ಪ್ರಶ್ನೆಯಿದು. ಕಪ್ಪೆಮಳೆ ದಿಢೀರನೆ ಬಂದಂತೆ ಕಂಡರೂ ಸುಳಿವು ಮೊದಲೇ ಇದೆ. ಟಿವಿ ರಸಪ್ರಶ್ನೆ ಕಾರ್ಯಕ್ರಮದ ಪ್ರೇಕ್ಷಕರೊಬ್ಬರ ಕೈಯಲ್ಲಿ ಬೈಬಲಿನ ವಿಮೋಚನಕಾಂಡ 8:2ರ ಫಲಕವಿರುತ್ತದೆ. ನನ್ನ ಜನರನ್ನು ಬಿಡುಗಡೆ ಮಾಡದಿದ್ದರೆ ನಾಡಿಗೆಲ್ಲ ಕಪ್ಪೆಗಳ ಕಾಟ ತರುತ್ತೇನೆ ಎಂದು ಈಜಿಪ್ಟಿನ ದೊರೆ ಫರೋಹನಿಗೆ ದೇವರು ಕೊಟ್ಟ ಎಚ್ಚರಿಕೆ ಅದು.

ಇಲ್ಲಿ ಬಿಡುಗಡೆ ಬೇಕಾಗಿರುವುದು ಮಕ್ಕಳಿಗೆ. ಲಾಸ್ ಏಂಜಲೀಸ್‌ನ ಸ್ಯಾನ್ ಫರ್ನಾಂಡೊ ಕಣಿವೆಯ ಈ ಮನೆಗಳಲ್ಲಿ ಅಪ್ಪಂದಿರು ಮಾಡಿದ್ದನ್ನು ಮಕ್ಕಳು ಉಣ್ಣುತ್ತಿದ್ದಾರೆ. ಒಬ್ಬ ತಂದೆ ಕ್ಯಾನ್ಸರ್‌ನಿಂದ ಸಾಯುತ್ತಾ, ತಾನು ತೊರೆದ ಮಗನಿಗಾಗಿ ಹಂಬಲಿಸುತ್ತಾನೆ. ಇನ್ನೊಬ್ಬ ತಂದೆ, ಆ ರಸಪ್ರಶ್ನೆಯಲ್ಲಿ ಆಡುವ ತನ್ನ ಮಗ ಸ್ಟ್ಯಾನ್ಲಿಯ ಜಾಣತನವನ್ನೇ ದುಡಿಮೆಗೆ ಹಚ್ಚಿದ್ದಾನೆ.

ಕಪ್ಪೆಗಳು ಎಲ್ಲರ ಮೇಲೂ ಬೀಳುತ್ತವೆ, ಆದರೆ ಫಲ ಒಂದೇ ಅಲ್ಲ. ಗುಂಡು ಹಾರಿಸಿಕೊಂಡು ಆತ್ಮಹತ್ಯೆಗೆ ಹೊರಟ, ರಸಪ್ರಶ್ನೆ ನಡೆಸುವ ಜಿಮ್ಮಿಯ ಗುರಿ ಛಾವಣಿಯ ಗಾಜು ಒಡೆದು ಬಿದ್ದ ಕಪ್ಪೆಯಿಂದ ತಪ್ಪುತ್ತದೆ. ಕದ್ದ ಹಣ ಹಿಂದಿರುಗಿಸಲು ಕಂಬ ಹತ್ತಿದ, ಬಾಲ್ಯದಲ್ಲಿ ಅದೇ ರಸಪ್ರಶ್ನೆಯ ತಾರೆಯಾಗಿದ್ದ ಡಾನಿಯ ಮುಖಕ್ಕೆ ಕಪ್ಪೆ ಬಡಿದು, ಬಿದ್ದವನ ಹಲ್ಲು ಮುರಿಯುತ್ತವೆ. ಕದ್ದಿದ್ದೇ ಹಲ್ಲಿಗೆ ತಂತಿ ಹಾಕಿಸಲು! ಇಷ್ಟು ಕ್ರೂರವಾದ ಹಾಸ್ಯ ನನಗೆ ಬೇರೆಲ್ಲೂ ನೆನಪಾಗುತ್ತಿಲ್ಲ.

ಇದನ್ನು ಬರೀ ದೈವಶಿಕ್ಷೆ ಎಂದರೆ ನಾನು ಒಪ್ಪುವುದಿಲ್ಲ. ಗ್ರಂಥಾಲಯದಲ್ಲಿ ಕುಳಿತ ಹುಡುಗ ಸ್ಟ್ಯಾನ್ಲಿ ಕಪ್ಪೆಗಳನ್ನು ನೋಡಿ ಹೆದರುವುದಿಲ್ಲ. ಇಂಥದ್ದೂ ನಡೆಯುತ್ತದೆ ಎಂದಷ್ಟೇ ಹೇಳಿಕೊಳ್ಳುತ್ತಾನೆ. ಆಮೇಲೆ ಅಪ್ಪನ ಬಳಿ ಹೋಗಿ, ನನ್ನೊಡನೆ ಇನ್ನಷ್ಟು ಒಳ್ಳೆಯದಾಗಿ ನಡೆದುಕೊಳ್ಳಬೇಕು ಎನ್ನುತ್ತಾನೆ. ಅಪ್ಪ ಹೇಳುವುದು ಇಷ್ಟೇ: ಹೋಗಿ ಮಲಗು.